ಇಳಿಜಾರಿನಲ್ಲಿ ಗೇರ್ ಬಿಡಬೇಡಿ

ವಿಜಯನಗರ ಜಿಲ್ಲೆ 2021ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟಿತು. ಈ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳು ಕಾಫಿಯ ಸೀಮೆಯಲ್ಲ; ಘಟ್ಟದ ಸೀಮೆಯೂ ಅಲ್ಲ. ಬಯಲುಸೀಮೆಯಾದ್ದರಿಂದ ಇಲ್ಲಿನ ಅಡಿಕೆ ಬೆಳೆಗಾರರಿಗೆ ಇಳಿಜಾರಿನ ಅಂಜಿಕೆ ಕಡಿಮೆ. ಆದರೆ ಕೆರೆ ಏರಿಯಿಂದ ಇಳಿಯುವ ದಾರಿ, ಹಳ್ಳ ದಾಟುವ ಬಂಡಿದಾರಿ, ಗುಡ್ಡದ ರಸ್ತೆ ಇವೆಲ್ಲ ಹೇರು ತುಂಬಿದ ಟ್ರೇಲರಿಗೆ ಘಟ್ಟವೇ ಸರಿ.

2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಕೊಳವೆಬಾವಿ ಬತ್ತಿದ ಎಷ್ಟೋ ತೋಟಗಳಿಗೆ ಟ್ಯಾಂಕರ್ ನೀರೇ ಗತಿಯಾಯಿತು. 5,000 ಲೀಟರ್ ಟ್ಯಾಂಕರಿನಲ್ಲಿ ನೀರಿನ ತೂಕವೇ 5 ಟನ್. ಅದನ್ನು ಎಳೆಯುವ ಟ್ರ್ಯಾಕ್ಟರಿನ ತೂಕ ಸುಮಾರು 2 ಟನ್. ಏರಿನಲ್ಲಿ ಟ್ರ್ಯಾಕ್ಟರು ಟ್ರೇಲರನ್ನು ಎಳೆಯುತ್ತದೆ. ಇಳಿಜಾರಿನಲ್ಲಿ ಟ್ರೇಲರು ಟ್ರ್ಯಾಕ್ಟರನ್ನು ದೂಡುತ್ತದೆ. ಟ್ರೇಲರಿಗೆ ಬ್ರೇಕ್ ಇಲ್ಲದಿದ್ದರೆ ಇಡೀ ಭಾರ ತಡೆಯಬೇಕಾದುದು ಟ್ರ್ಯಾಕ್ಟರೊಂದೇ.

ಡೀಸೆಲ್ ಉಳಿಯುತ್ತದೆಂದು ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವ ಚಾಲಕರನ್ನು ನಾವು ಎಲ್ಲ ಕಡೆ ಕಾಣುತ್ತೇವೆ. ಇದು ತಪ್ಪು ಲೆಕ್ಕ. ಗೇರಿನಲ್ಲಿಯೇ ಆಕ್ಸಿಲರೇಟರ್ ತಗ್ಗಿಸಿ ಇಳಿದರೆ ಚಕ್ರಗಳೇ ಎಂಜಿನನ್ನು ತಿರುಗಿಸುತ್ತವೆ. ಪಂಪು ಡೀಸೆಲ್ ಕೊಡುವುದನ್ನು ತಗ್ಗಿಸುತ್ತದೆ, ಎಂಜಿನ್ನೇ ಗಾಡಿಯನ್ನು ಹಿಡಿಯುತ್ತದೆ. ನ್ಯೂಟ್ರಲ್ಲಿನಲ್ಲಿ ಎಂಜಿನ್ ಡೀಸೆಲನ್ನೂ ಕುಡಿಯುತ್ತದೆ, ಹಿಡಿತವನ್ನೂ ಬಿಡುತ್ತದೆ. ಕ್ಲಚ್ ಒತ್ತಿಕೊಂಡು ಇಳಿದರೂ ಪರಿಣಾಮ ಅದೇ. ವೇಗ ಏರಿದ ಮೇಲೆ, ಹಳೆಯ ಟ್ರ್ಯಾಕ್ಟರುಗಳಲ್ಲಂತೂ, ಗೇರ್ ಮತ್ತೆ ಕೂರುವುದೇ ಇಲ್ಲ.

ಆದ್ದರಿಂದ ಇಳಿಯುವ ಮೊದಲೇ, ಮೇಲೆ ನಿಲ್ಲಿಸಿ ಕೆಳಗಿನ ಗೇರ್ ಹಾಕಿರಿ. ಯಾವ ಗೇರಿನಲ್ಲಿ ಆ ಹೇರನ್ನು ಹೊತ್ತು ಆ ದಿಬ್ಬ ಏರಬಹುದೋ ಅದೇ ಗೇರಿನಲ್ಲಿ ಇಳಿಯುವುದು ಕ್ಷೇಮ. ವೇಗ ಎರಡರಷ್ಟಾದರೆ ಬ್ರೇಕ್ ಹಿಡಿದು ನಿಲ್ಲಲು ನಾಲ್ಕರಷ್ಟು ದೂರ ಬೇಕೆಂಬುದನ್ನು ಮರೆಯಬಾರದು.

ಇನ್ನು ಕೆಲವು ಮಾತು. ಹೊಲದಲ್ಲಿ ತಿರುಗಲು ಬಿಡಿಸಿದ ಎರಡು ಬ್ರೇಕ್ ಪೆಡಲುಗಳನ್ನು ರಸ್ತೆಗೆ ಬರುವ ಮುನ್ನ ಕೊಂಡಿ ಹಾಕಿ ಜೋಡಿಸಿರಿ. ಒಂದೇ ಪೆಡಲ್ ಒತ್ತಿದರೆ ಟ್ರ್ಯಾಕ್ಟರು ಅಡ್ಡ ತಿರುಗಿ ಟ್ರೇಲರು ಮೇಲೆ ಬರುತ್ತದೆ. ಅರ್ಧ ತುಂಬಿದ ಟ್ಯಾಂಕರಿನಲ್ಲಿ ನೀರು ತುಳುಕಿ ಗಾಡಿಯನ್ನು ವಾಲಿಸುತ್ತದೆ. ತಿರುವಿನಲ್ಲಿ ಇನ್ನೂ ನಿಧಾನವಾಗಿರಲಿ. ಟ್ರೇಲರ್ ಜೋಡಿಸುವ ಪಿನ್ನಿಗೆ ಕೆಳಗಿನ ಕ್ಲಿಪ್ ಇದೆಯೇ ನೋಡಿರಿ. ಟ್ರೇಲರನ್ನು ಎತ್ತರಕ್ಕೆ ಕಟ್ಟಿದರೆ ಏರಿನಲ್ಲಿ ಮುಂದಿನ ಚಕ್ರ ಮೇಲೆದ್ದು ಟ್ರ್ಯಾಕ್ಟರು ಹಿಂದಕ್ಕೆ ಮಗುಚೀತು.

ಕೊನೆಯದಾಗಿ, ಮೈಲಾರದ ಕಾರಣಿಕಕ್ಕೂ ಕೊಟ್ಟೂರಿನ ತೇರಿಗೂ ಮನೆಮಂದಿಯನ್ನು ಟ್ರೇಲರಿನಲ್ಲಿ ತುಂಬಿಕೊಂಡು ಹೋಗುವ ರೂಢಿ ಬಿಡೋಣ. ಇದು ಕಾನೂನಿಗೂ ವಿರುದ್ಧ. ಅಡಿಕೆ ಗೊನೆ ಚೆಲ್ಲಿದರೆ ಆಯ್ದುಕೊಳ್ಳಬಹುದು, ಜೀವ ಹಾಗಲ್ಲ. ಈ ಮಾತುಗಳನ್ನು ಸದಸ್ಯ ಬಾಂಧವರು ತಮ್ಮ ಚಾಲಕರಿಗೂ ಓದಿ ಹೇಳಬೇಕೆಂದು ಕೋರುತ್ತೇವೆ.