ನೀಲಿ ಕೈಗಳ ಕಲಾವಿದ

1876ರ ಸುಮಾರಿನ ಮಾತು. ಇಂಗ್ಲೆಂಡಿನ ಲೀಕ್ ಪಟ್ಟಣದ ಬಣ್ಣದ ಕಾರ್ಖಾನೆಯೊಂದರಲ್ಲಿ, ಮರದ ಪಾದರಕ್ಷೆ ಮೆಟ್ಟಿ, ಕೆಲಸಗಾರನ ನಿಲುವಂಗಿ ತೊಟ್ಟ ಗಡ್ಡಧಾರಿಯೊಬ್ಬನು ನೀಲಿಯ ತೊಟ್ಟಿಯ ಮೇಲೆ ಬಾಗಿ ನೂಲಿನ ಲಡಿಗಳನ್ನು ಅದ್ದಿ ತೆಗೆಯುತ್ತಿದ್ದನು. ಆತನ ಕೈಗಳು ನೀಲಿಗಟ್ಟಿದ್ದವು. ಎಷ್ಟು ತೊಳೆದರೂ ಆ ಬಣ್ಣ ಬಿಡುವಂತಿರಲಿಲ್ಲ. ಕಂಡವರು ಆತನನ್ನು ದಿನಗೂಲಿಯ ಆಳೆಂದೇ ತಿಳಿಯಬಹುದಾಗಿತ್ತು. ಆದರೆ ಆತನು ಇಂಗ್ಲೆಂಡಿನ ಹೆಸರಾಂತ ಕವಿ. ಸಿರಿವಂತರ ಮನೆಗಳನ್ನು ಅಲಂಕರಿಸುತ್ತಿದ್ದ ಲಂಡನ್ನಿನ ಸಂಸ್ಥೆಯೊಂದರ ಒಡೆಯ. ವಿಲಿಯಂ ಮಾರಿಸ್ ಎಂಬುದು ಆತನ ಹೆಸರು.

ಒಡೆಯನಾದವನು ಬಣ್ಣದ ತೊಟ್ಟಿಗೆ ಕೈಯಿಕ್ಕಬೇಕಾದ ಅಗತ್ಯವೇನಿತ್ತು? ಅದನ್ನು ತಿಳಿಯಬೇಕಾದರೆ ಆತನ ಬಾಳಿನ ಕಥೆಯನ್ನೇ ಹೇಳಬೇಕಾಗುತ್ತದೆ.

ಕೆಂಪು ಮನೆ

1834ರ ಮಾರ್ಚ್ 24ರಂದು ಲಂಡನ್ನಿನ ಸಮೀಪದ ವಾಲ್ಥಮ್‌ಸ್ಟೋ ಎಂಬಲ್ಲಿ ಮಾರಿಸನು ಹುಟ್ಟಿದನು. ತಾಮ್ರದ ಗಣಿಯ ಷೇರುಗಳಿಂದ ಆತನ ತಂದೆಗೆ ಅಪಾರ ಐಶ್ವರ್ಯವು ಒದಗಿತ್ತು. ಪಾದ್ರಿಯಾಗಬೇಕೆಂಬ ಉದ್ದೇಶದಿಂದ ಆಕ್ಸ್‌ಫರ್ಡಿಗೆ ಹೋದ ಮಾರಿಸನಿಗೆ ಅಲ್ಲಿ ಎಡ್ವರ್ಡ್ ಬರ್ನ್-ಜೋನ್ಸ್ ಎಂಬ ಜೀವದ ಗೆಳೆಯನು ದೊರೆತನು. ಮುಂದೊಂದು ದಿನ ನಮ್ಮ ಗಾಂಧೀಜಿಯವರ ಮನಸ್ಸನ್ನೂ ಕಲಕಿದ ಜಾನ್ ರಸ್ಕಿನ್ನನ ಬರಹಗಳನ್ನು ಈ ಗೆಳೆಯರು ಜೊತೆಯಾಗಿ ಓದಿದರು. ಕೆಲಸಗಾರನು ಸಂತೋಷದಿಂದ ಮಾಡಿದ ವಸ್ತುವಿನಲ್ಲಿ ಮಾತ್ರ ನಿಜವಾದ ಚೆಲುವಿರುತ್ತದೆ ಎಂಬ ರಸ್ಕಿನ್ನನ ವಿಚಾರ ಮಾರಿಸನ ಎದೆಯಲ್ಲಿ ಬೇರೂರಿತು. ಪಾದ್ರಿಯಾಗುವ ಆಸೆಯನ್ನು ತೊರೆದು ಇಬ್ಬರೂ ಕಲೆಗೆ ಬಾಳನ್ನು ಮುಡಿಪಿಟ್ಟರು.

1859ರಲ್ಲಿ ಮಾರಿಸನು ಕುದುರೆಲಾಯದ ಕೆಲಸಗಾರನೊಬ್ಬನ ಮಗಳಾದ ಜೇನ್ ಬರ್ಡನ್ನಳ ಕೈಹಿಡಿದನು. ನವದಂಪತಿಗಳಿಗಾಗಿ ಗೆಳೆಯ ಫಿಲಿಪ್ ವೆಬ್ಬನು ಕೆಂಪು ಇಟ್ಟಿಗೆಯ ಮನೆಯೊಂದರ ನಕ್ಷೆ ಬರೆದನು. ಮನೆಯೇನೋ ಎದ್ದಿತು. ಆದರೆ ಅದರೊಳಗೆ ಇಡಲು ಮನಸ್ಸೊಪ್ಪುವ ಕುರ್ಚಿ, ಮೇಜು, ಪರದೆಗಳು ಲಂಡನ್ನಿನ ಅಂಗಡಿಗಳಲ್ಲಿ ದೊರೆಯಲಿಲ್ಲ. ಯಂತ್ರಗಳಿಂದ ರಾಶಿರಾಶಿಯಾಗಿ ಹೊರಬರುತ್ತಿದ್ದ ಸಾಮಾನುಗಳಲ್ಲಿ ಆಡಂಬರ ತುಂಬಿತ್ತು, ಅಂದವಿರಲಿಲ್ಲ. ಆಗ ಗೆಳೆಯರೆಲ್ಲ ಕೂಡಿ ತಾವೇ ಗೋಡೆಗಳಿಗೆ ಚಿತ್ರ ಬರೆದರು. ಪೀಠೋಪಕರಣಗಳನ್ನು ತಾವೇ ರೂಪಿಸಿದರು. ಗಂಡಹೆಂಡಿರು ಹಳೆಯ ಕಸೂತಿಯ ಎಳೆಗಳನ್ನು ಬಿಚ್ಚಿ ನೋಡಿ ಹೊಲಿಗೆಯ ಮರ್ಮವನ್ನು ಕಲಿತರು. ಈ ಆಟದಿಂದಲೇ 1861ರಲ್ಲಿ ಒಂದು ಸಂಸ್ಥೆ ಹುಟ್ಟಿತು. ಗೋಡೆಕಾಗದ, ಬಣ್ಣದ ಗಾಜು, ಜಮಖಾನ, ಪರದೆ, ಹೀಗೆ ಒಂದು ಮನೆಗೆ ಬೇಕಾದುದೆಲ್ಲವನ್ನೂ ಅದು ಒದಗಿಸತೊಡಗಿತು.

ಹಸಿರಿನಿಂದ ನೀಲಿಗೆ

ಅದೇ ಕಾಲದಲ್ಲಿ ಬಣ್ಣದ ಲೋಕದಲ್ಲಿ ದೊಡ್ಡದೊಂದು ಕ್ರಾಂತಿ ನಡೆದಿತ್ತು. 1856ರಲ್ಲಿ ವಿಲಿಯಂ ಪರ್ಕಿನ್ ಎಂಬ 18 ವರ್ಷದ ತರುಣನು ಕಲ್ಲಿದ್ದಲಿನ ಡಾಂಬರಿನಿಂದ ದೊರೆಯುವ ಪದಾರ್ಥವೊಂದರಿಂದ ನೇರಳೆ ಬಣ್ಣವನ್ನು ತಯಾರಿಸಿದನು. ಆ ಬಳಿಕ ರಾಸಾಯನಿಕ ಬಣ್ಣಗಳ ಪ್ರವಾಹವೇ ಹರಿಯಿತು. ಅವು ಸುಲಭ, ಅಗ್ಗ, ಕಣ್ಣು ಕುಕ್ಕುವಂಥವು. ಆದರೆ ಬಹುಬೇಗ ವಿಕಾರವಾಗಿ ಮಾಸುತ್ತಿದ್ದವು. ಮಾರಿಸನಿಗೆ ಇದು ಸಹನೆಯಾಗಲಿಲ್ಲ. ಆತನು ಹಳೆಯ ಸಸ್ಯಗ್ರಂಥಗಳನ್ನು ತಿರುವಿಹಾಕಿ, ಮಂಜಿಷ್ಠದ ಜಾತಿಯ ಬೇರಿನಿಂದ ಕೆಂಪನ್ನೂ, ವೆಲ್ಡ್ ಎಂಬ ಗಿಡದಿಂದ ಹಳದಿಯನ್ನೂ ತೆಗೆಯುವ ವಿಧಾನವನ್ನು ಮತ್ತೆ ಶೋಧಿಸಿದನು. ಲೀಕ್ ಪಟ್ಟಣದ ಥಾಮಸ್ ವಾರ್ಡಲ್‌ನ ಕಾರ್ಖಾನೆಯಲ್ಲಿ ಕೈಗಳು ನೀಲಿಗಟ್ಟಿದುದು ಈ ಶೋಧನೆಯ ದಿನಗಳಲ್ಲಿಯೇ. ತಾನು ಮಾಡಿ ಅರಿಯದ ಕೆಲಸವನ್ನು ಇನ್ನೊಬ್ಬರಿಂದ ಮಾಡಿಸುವುದು ಆತನಿಗೆ ಸಲ್ಲದು.

ನೀಲಿಯ ತೊಟ್ಟಿಯದೊಂದು ವಿಸ್ಮಯ. ಅದರೊಳಗಿಂದ ಹೊರಬಂದ ಬಟ್ಟೆ ಮೊದಲು ಹಸಿರಾಗಿ ಕಾಣುತ್ತದೆ. ಗಾಳಿ ತಗುಲಿದಂತೆ, ನೋಡನೋಡುತ್ತಿರುವಾಗಲೇ ಅದು ನೀಲಿಗೆ ತಿರುಗುತ್ತದೆ. 1881ರಲ್ಲಿ ಮಾರಿಸನು ಲಂಡನ್ನಿನ ಹೊರವಲಯದ ಮರ್ಟನ್ ಅಬಿಯಲ್ಲಿ, ವಾಂಡಲ್ ನದಿಯ ದಡದಲ್ಲಿ, ತನ್ನದೇ ಕಾರ್ಖಾನೆಯನ್ನು ತೆರೆದನು. ಅಲ್ಲಿ ಬಟ್ಟೆಯನ್ನೆಲ್ಲ ಮೊದಲು ಕಡುನೀಲಿಯಲ್ಲಿ ಅದ್ದುತ್ತಿದ್ದರು. ಬಳಿಕ ಬಣ್ಣ ಕಳೆಯುವ ದ್ರವ್ಯವನ್ನು ಮರದ ಅಚ್ಚುಗಳಿಂದ ಒತ್ತಿ, ಬೇಕಾದೆಡೆಯಲ್ಲಿ ಬಿಳುಪನ್ನು ಬಿಡಿಸುತ್ತಿದ್ದರು. ಆ ಬಿಳಿಯ ಜಾಗದ ಮೇಲೆ ಕೆಂಪು, ಹಳದಿಗಳನ್ನು ಒಂದಾದ ಮೇಲೊಂದರಂತೆ ಅಚ್ಚೊತ್ತಬೇಕು, ತೊಳೆಯಬೇಕು, ಒಣಗಿಸಬೇಕು. ದಿನಗಟ್ಟಲೆಯ ದುಡಿಮೆ ಅದು.

1883ರ ‘ಸ್ಟ್ರಾಬೆರಿ ಕಳ್ಳ’ ಎಂಬ ಪ್ರಸಿದ್ಧ ವಿನ್ಯಾಸ ಹೀಗೆಯೇ ಮೂಡಿತು. ಕೆಲ್ಮ್‌ಸ್ಕಾಟ್ ಹಳ್ಳಿಯಲ್ಲಿದ್ದ ಆತನ ಮನೆಯ ತೋಟಕ್ಕೆ ಥ್ರಷ್ ಎಂಬ ಹಾಡುಹಕ್ಕಿಗಳು ಬಂದು, ಬಲೆಯಡಿ ನುಸುಳಿ ಹಣ್ಣು ಕದಿಯುತ್ತಿದ್ದವು. ಮಾರಿಸನು ಹಕ್ಕಿಗಳನ್ನು ಓಡಿಸದೆ ಬಟ್ಟೆಯ ಮೇಲೆ ಕೂರಿಸಿದನು.

ಚೆಲುವು ಯಾರ ಪಾಲಿಗೆ?

ಆದರೆ ದಿನಗಟ್ಟಲೆ ದುಡಿದು ಮಾಡಿದ ಬಟ್ಟೆಯ ಬೆಲೆಯೂ ಹಾಗೆಯೇ ಏರಿತು. ಆ ಪರದೆಯನ್ನು ಕೊಂಡು ತನ್ನ ಮನೆಯ ಕಿಟಕಿಗೆ ಕಟ್ಟಿಕೊಳ್ಳುವ ಶಕ್ತಿ ಸಾಮಾನ್ಯ ಕೆಲಸಗಾರನಿಗಿರಲಿಲ್ಲ. ಉಪಯೋಗವಿಲ್ಲದ, ಅಂದವೂ ಇಲ್ಲದ ವಸ್ತು ಯಾರ ಮನೆಯಲ್ಲಿಯೂ ಇರಬಾರದೆಂದು ಸಾರುತ್ತಿದ್ದ ಮಾರಿಸನಿಗೆ ಇದು ಎದೆಯ ಮುಳ್ಳಾಯಿತು. ಉತ್ತರ ಇಂಗ್ಲೆಂಡಿನ ಕಬ್ಬಿಣದ ಉದ್ಯಮಿಯೊಬ್ಬನ ಬಂಗಲೆಯನ್ನು ಅಲಂಕರಿಸುತ್ತಿದ್ದಾಗ ಆತನು ಕೋಪದಿಂದ ಅತ್ತಿಂದಿತ್ತ ಹೆಜ್ಜೆಹಾಕತೊಡಗಿದನಂತೆ. ಏನಾಯಿತೆಂದು ಮನೆಯೊಡೆಯ ಕೇಳಲು, ಸಿರಿವಂತರ ಭೋಗಕ್ಕೆ ಊಳಿಗ ಮಾಡುತ್ತ ತನ್ನ ಆಯುಷ್ಯವೆಲ್ಲ ಸವೆಯುತ್ತಿದೆಯೆಂದು ಸಿಡಿದುಬಿದ್ದನೆಂಬ ಪ್ರಸಂಗವನ್ನು ಜೀವನಚರಿತ್ರಕಾರರು ಹೇಳುತ್ತಾರೆ.

ಆ ನೀಲಿಯ ಹಿಂದೆ ನಮ್ಮ ನಾಡಿನ ರೈತನ ಕಣ್ಣೀರೂ ಇತ್ತೆಂಬುದನ್ನು ನಾವು ಮರೆಯಲಾಗದು. ಆ ಕಾಲದಲ್ಲಿ ಇಂಗ್ಲೆಂಡಿಗೆ ಹೋಗುತ್ತಿದ್ದ ನೀಲಿಯ ಬಹುಪಾಲು ಬಂಗಾಳ, ಬಿಹಾರಗಳ ಹೊಲಗಳದು. ನೀಲಿ ಬೆಳೆಯಲು ಬಲಾತ್ಕರಿಸುತ್ತಿದ್ದ ಬಿಳಿಯ ದೊರೆಗಳ ವಿರುದ್ಧ ಬಂಗಾಳದ ರೈತರು 1859ರಲ್ಲಿಯೇ ದಂಗೆಯೆದ್ದಿದ್ದರು.

1883ರಲ್ಲಿ, ‘ಸ್ಟ್ರಾಬೆರಿ ಕಳ್ಳ’ ಮೂಡಿದ ವರ್ಷವೇ, ಮಾರಿಸನು ಸಮಾಜವಾದಿಗಳ ಪಕ್ಷವನ್ನು ಸೇರಿದನು. ಬೀದಿಯ ಮೂಲೆಗಳಲ್ಲಿ ನಿಂತು ಭಾಷಣ ಮಾಡಿದನು. 1885ರಲ್ಲಿ ಪೊಲೀಸರ ಕೈಗೆ ಸಿಕ್ಕಿ ನ್ಯಾಯಾಧೀಶನ ಮುಂದೆಯೂ ನಿಂತನು. ಅದೇ ವರ್ಷ 23 ವರ್ಷದ ಮಗಳು ಮೇ ಮಾರಿಸ್ ಸಂಸ್ಥೆಯ ಕಸೂತಿ ವಿಭಾಗದ ಹೊಣೆ ಹೊತ್ತಳು. ಕಲಾವಿದರ ಕೂಟ ಹೆಂಗಸರನ್ನು ಸೇರಿಸಿಕೊಳ್ಳದಿದ್ದಾಗ, ಮುಂದೆ 1907ರಲ್ಲಿ, ಮಹಿಳೆಯರದೇ ಕೂಟವನ್ನು ಕಟ್ಟಲು ಮುಂದಾದವಳೂ ಅವಳೇ.

1891ರಲ್ಲಿ ಮಾರಿಸನು ಮುದ್ರಣಾಲಯವನ್ನು ತೆರೆದು, ಬರ್ನ್-ಜೋನ್ಸನ 87 ಚಿತ್ರಗಳಿಂದ ಕೂಡಿದ ಚಾಸರ್ ಕವಿಯ ಕೃತಿಗಳನ್ನು ಅಚ್ಚುಹಾಕಿಸಿದನು. ಸಿದ್ಧವಾದ ಗ್ರಂಥವು 1896ರಲ್ಲಿ ಕೈಸೇರಿದಾಗ ಆತನು ರೋಗದಿಂದ ಬಳಲಿದ್ದನು. ಅದೇ ವರ್ಷದ ಅಕ್ಟೋಬರ್ 3ರಂದು, 62ನೆಯ ವಯಸ್ಸಿನಲ್ಲಿ, ತೀರಿಕೊಂಡನು. ಹತ್ತು ಮಂದಿಯ ದುಡಿಮೆಯನ್ನು ಒಬ್ಬನೇ ದುಡಿದುದೇ ಆತನ ಕಾಯಿಲೆಯೆಂದು ವೈದ್ಯನೊಬ್ಬನು ಹೇಳಿದನಂತೆ. ಕೆಲ್ಮ್‌ಸ್ಕಾಟಿನ ಮಣ್ಣಿಗೆ ಆತನ ದೇಹವನ್ನು ಒಯ್ದದ್ದು ಸೊಪ್ಪಿನಿಂದ ಸಿಂಗರಿಸಿದ ಹುಲ್ಲಿನ ಬಂಡಿಯಲ್ಲಿ. ಮರ್ಟನ್ನಿನ ಕೆಲಸಗಾರರೂ ಅಂದು ಬಂದಿದ್ದರು.

ಸಂಸ್ಥೆಯು 1940ರಲ್ಲಿ ಮುಚ್ಚಿತು. ‘ಸ್ಟ್ರಾಬೆರಿ ಕಳ್ಳ’ ಮಾತ್ರ ಉಳಿದಿದೆ. ಚಹದ ಬಟ್ಟಲು, ಕೈಚೀಲ, ತಲೆದಿಂಬುಗಳ ಮೇಲೆ ಆ ಹಕ್ಕಿಗಳನ್ನು ಇಂದು ಯಂತ್ರಗಳು ಅಚ್ಚೊತ್ತುತ್ತವೆ; ಬಹುಮಂದಿ ಅವನ್ನು ಕೊಳ್ಳಲೂಬಲ್ಲರು. ಮಾರಿಸನು ಬಯಸಿದುದರಲ್ಲಿ ಅರ್ಧ ಹೀಗೆ ಕೈಗೂಡಿದೆ. ವಸ್ತುವನ್ನು ಮಾಡುವವನಿಗೂ ಮಾಡುವಾಗ ಸಂತೋಷವಿರಬೇಕೆಂಬುದು ಆತನ ಬಯಕೆಯ ಇನ್ನರ್ಧ. ಮುಂದಿನ ಸಲ ಅಂದವಾದ ವಸ್ತುವೊಂದು ನಮ್ಮ ಮನೆಗೆ ಬಂದಾಗ, ಅದನ್ನು ಮಾಡಿದ ಕೈಗಳನ್ನೂ ನಾವೊಮ್ಮೆ ನೆನೆಯಬಹುದು.