ಯಾವ ಕಾಲಂ ಬಿಟ್ಟರೂ ನಡೆದೀತು?

ಔರಾದ್ ತಾಲ್ಲೂಕಿನ ಚಿಂತಾಕಿಯಲ್ಲಿ ಎರಡು ತೊಗರಿ ಹೊಲಗಳಿವೆ ಎಂದಿಟ್ಟುಕೊಳ್ಳಿ. 2015ರಲ್ಲಿ ಶುರುವಾದ ಮಣ್ಣಿನ ಆರೋಗ್ಯ ಕಾರ್ಡಿನಲ್ಲಿ ರಸಸಾರ, ಸಾವಯವ ಇಂಗಾಲ, ಗಂಧಕ, ಬೋರಾನ್ ಎಂದು 12 ಅಂಶಗಳಿರುತ್ತವೆ. ಈ ಎರಡು ಹೊಲಗಳು ಹನ್ನೊಂದರಲ್ಲಿ ಒಂದೇ ಥರ. ಸತು ಮಾತ್ರ ಒಂದರಲ್ಲಿ ಕಡಿಮೆ, ಇನ್ನೊಂದರಲ್ಲಿ ಸಾಕಷ್ಟು. ಇಳುವರಿಯೂ ಬೇರೆ ಬೇರೆ ಬಂತು. ಈಗ ಸತುವಿನ ಕಾಲಂ ಅಳಿಸಿದರೆ ಎರಡು ಹೊಲಗಳನ್ನು ಬೇರೆ ಮಾಡಿ ನೋಡಲು ದಾರಿಯೇ ಉಳಿಯದು. ಯಾವ ಕಾಲಂ ತೆಗೆದರೂ ಹೀಗಾಗುವುದಿಲ್ಲವೋ ಅದನ್ನು ಬಿಡಬಹುದು. ಸತುವೇ ಕಾರಣವೆಂದು ಈ ಲೆಕ್ಕ ಹೇಳುವುದಿಲ್ಲ, ಅದಿಲ್ಲದೆ ವ್ಯತ್ಯಾಸ ಕಾಣದು ಎಂದಷ್ಟೇ ಹೇಳುತ್ತದೆ.

ಈ ವಿಚಾರಕ್ಕೆ ಗಣಿತದ ಬುನಾದಿ ಹಾಕಿದವರು ಪೋಲೆಂಡಿನ ಪಾವ್ಲಾಕ್. 1982ರಲ್ಲಿ ಅವರ ‘ರಫ್ ಸೆಟ್ಸ್’ ಪ್ರಬಂಧ ಬಂತು. ಹತ್ತು ವರ್ಷದ ನಂತರ ಅಲ್ಲಿನವರೇ ಆದ ಸ್ಕೊವ್ರಾನ್ ಮತ್ತು ರೌಶರ್, ಸಾಲುಗಳನ್ನು ಜೋಡಿ ಜೋಡಿಯಾಗಿ ಹೋಲಿಸಿ ಬೇಕಾದ ಕಾಲಂ ಗುರುತಿಸುವ ಕೋಷ್ಟಕ ಕೊಟ್ಟರು. ಎಲ್ಲಕ್ಕಿಂತ ಚಿಕ್ಕ ಪಟ್ಟಿ ಹುಡುಕುವುದು ಎಷ್ಟು ಕಠಿಣವೆಂದೂ ತೋರಿಸಿದರು. 12 ಕಾಲಂಗಳಿಂದ 4,095 ಪಟ್ಟಿ ಮಾಡಬಹುದು. 40 ಆದರೆ ಲಕ್ಷ ಕೋಟಿ ದಾಟುತ್ತದೆ.

ಸಾಲು ಹೆಚ್ಚಿದರೂ ಕಷ್ಟವೇ. 2009ರಲ್ಲಿ ಶುರುವಾದ ನಮ್ಮ ಭೂಚೇತನ ಯೋಜನೆಗಾಗಿ 90 ಸಾವಿರಕ್ಕೂ ಹೆಚ್ಚು ಮಣ್ಣಿನ ಮಾದರಿ ಸಂಗ್ರಹಿಸಿದ್ದರು. ಅಷ್ಟನ್ನು ಜೋಡಿಯಾಗಿ ಹೋಲಿಸಲು ಹೊರಟರೆ 400 ಕೋಟಿ ಜೋಡಿ!

ಹಾಗಾಗಿ ಮುಂದೆ ಸಂಶೋಧಕರು ಜೋಡಿ ಹೋಲಿಕೆಯನ್ನೇ ಬಿಟ್ಟರು. ಸಾಲುಗಳನ್ನು ವಿಂಗಡಿಸಿದರೆ ಒಂದೇ ಥರದವು ತಾವೇ ಪಕ್ಕಪಕ್ಕ ಬರುತ್ತವೆ. ಕಾಲಂಗಳನ್ನೂ ಒಂದೊಂದಾಗಿ, ಹೆಚ್ಚು ಪ್ರಯೋಜನದ್ದನ್ನು ಮೊದಲು ಆರಿಸುವ ಕ್ರಮ ಬಂತು. 2010ರಲ್ಲಿ ಚೀನಾದ ಚಿಯಾನ್ ಯೂಹುವಾ ಮತ್ತು ಸಂಗಡಿಗರು ಕೊಟ್ಟ ಉಪಾಯ ನನಗೆ ಎಲ್ಲಕ್ಕಿಂತ ಚೆಂದ ಕಾಣುತ್ತದೆ: ಆರಿಸಿದ ಕಾಲಂಗಳಿಂದಲೇ ತೀರ್ಮಾನವಾಗಿಬಿಟ್ಟ ಸಾಲುಗಳನ್ನು ಅಲ್ಲಿಗೇ ಕೈಬಿಡುವುದು. ಪ್ರತಿ ಸುತ್ತಿಗೂ ಕೋಷ್ಟಕ ಕುಗ್ಗುತ್ತದೆ, ಆಯ್ಕೆ ಮಾತ್ರ ಬದಲಾಗದು.

ಒಂದು ಯಂತ್ರಕ್ಕೆ ಹಿಡಿಸದ ದತ್ತಾಂಶವನ್ನು ಹಲವು ಯಂತ್ರಗಳಿಗೆ ಹಂಚುವ ಕೆಲಸ ನಮ್ಮ ಬೀದರ್‌ ನೆರೆಯಲ್ಲೇ ನಡೆದಿದೆ. ಹೈದರಾಬಾದ್ ವಿಶ್ವವಿದ್ಯಾಲಯದ ಸಾಯಿ ಪ್ರಸಾದ್ ಮತ್ತು ಸಂಗಡಿಗರು, ಕಾಲಂ ವಿಪರೀತವಾದಾಗ ಕೋಷ್ಟಕವನ್ನು ಅಡ್ಡಕ್ಕಲ್ಲ, ಉದ್ದಕ್ಕೆ ಸೀಳಿ ಹಂಚುವ ವಿಧಾನ ರೂಪಿಸಿದರು.

ಕೃಷಿ ದತ್ತಾಂಶ ಇಟ್ಟುಕೊಂಡವರು ಇದನ್ನು ಬಳಸಬೇಕು. ಆದರೆ ಮೂಲ ಕೋಷ್ಟಕ ಕಿತ್ತೆಸೆಯಬೇಡಿ. ತೊಗರಿಗೆ ಸಿಕ್ಕ ಪಟ್ಟಿ ತೊಗರಿಗಷ್ಟೇ. ಸೋಯಾಬೀನಿಗೆ ಮತ್ತೆ ಮೊದಲಿನಿಂದ ಲೆಕ್ಕ ಹಾಕಬೇಕು.