ಬಯಲಿಗೆ ಬರುವ ಗಿಡುಗಗಳು: ನೋಡುವ, ಚಿತ್ರ ತೆಗೆಯುವ ಕ್ರಮ

ಪಾವಗಡ ತಾಲ್ಲೂಕಿನ ನಾಗಲಮಡಿಕೆಯಂತಹ ಬಯಲು ಸೀಮೆಯಲ್ಲಿ ಮುಂಗಾರಿನ ಕಡಲೆಕಾಯಿ ಕಿತ್ತು ಕಣ ಸೇರುವ ಹೊತ್ತಿಗೆ ಹೊರನಾಡಿನ ಕೆಲವು ಬೇಟೆಹಕ್ಕಿಗಳು ಬಂದಿಳಿಯುತ್ತವೆ. ಹಳ್ಳಿಗಳಲ್ಲಿ ಇವನ್ನೂ ಗಿಡುಗವೆಂದೇ ಕರೆಯುವುದುಂಟು. ಪಕ್ಷಿಗಳ ಪುಸ್ತಕಗಳಲ್ಲಿ ಇವುಗಳ ಹೆಸರು ಸೆಳೆವ. ಕೋಳಿಮರಿ ಒಯ್ಯುವ ಹಕ್ಕಿಯೆಂದು ತಿಳಿದು ಕಲ್ಲು ಬೀರಿ ಓಡಿಸುವವರೂ ಇದ್ದಾರೆ. ಸೆಳೆವಗಳ ಬೇಟೆ ನಡೆಯುವುದು ಊರೊಳಗಲ್ಲ, ಬಯಲಿನಲ್ಲಿ. ಆದ್ದರಿಂದ ಈ ದೂರು ಬಹುಮಟ್ಟಿಗೆ ಊರ ಹದ್ದಿಗೆ ಸಲ್ಲತಕ್ಕದ್ದು.

ಗುರುತು ಹಿಡಿಯುವುದು ಕಷ್ಟವಲ್ಲ. ಹದ್ದು ಮೇಲೆ ಸುತ್ತುತ್ತದೆ. ಸೆಳೆವ ನೆಲಕ್ಕೆ ಹತ್ತಿರವಾಗಿ, ಹೆಚ್ಚೆಂದರೆ ಒಂದೆರಡು ಆಳೆತ್ತರದಲ್ಲಿ ಹಾರುತ್ತದೆ. ನಾಲ್ಕಾರು ಸಲ ರೆಕ್ಕೆ ಬಡಿದು, ಬಳಿಕ ಎರಡು ರೆಕ್ಕೆಗಳನ್ನೂ ತುಸು ಮೇಲಕ್ಕೆತ್ತಿ ಹಿಡಿದು ತೇಲುತ್ತ ಸಾಗುತ್ತದೆ. ಮಾಂಟೆಗು ಸೆಳೆವದ ಗಂಡು ಬೂದುಬಣ್ಣದ್ದು. ರೆಕ್ಕೆಯ ತುದಿ ಕಪ್ಪು, ರೆಕ್ಕೆಯ ನಡುವೆ ಒಂದು ಕಪ್ಪು ಗೆರೆ. ಬಿಳಿ ಸೆಳೆವದ ಗಂಡು ಇನ್ನೂ ತಿಳಿ ಬಣ್ಣದ್ದು. ಅದಕ್ಕೆ ಈ ಗೆರೆಯಿಲ್ಲ. ಎರಡರ ಹೆಣ್ಣುಗಳೂ ಕಂದು, ಬಾಲದ ಬುಡದಲ್ಲಿ ಬಿಳಿ ಪಟ್ಟೆ. ಹೆಣ್ಣುಗಳನ್ನು ಒಂದರಿಂದ ಒಂದು ಬೇರ್ಪಡಿಸುವುದು ಪಳಗಿದ ಕಣ್ಣಿಗೂ ಸುಲಭವಲ್ಲ. ಕೆರೆಯಂಚಿನ ಜೊಂಡಿನ ಮೇಲೆ ಹಾರುವ ದಪ್ಪ ಮೈಯದು ಜೌಗು ಸೆಳೆವ.

ಇವು ಮರಿಮಾಡುವುದು ಕಜಾಕಿಸ್ತಾನ, ರಷ್ಯಾ ಮುಂತಾದ ಕಡೆಯ ವಿಶಾಲ ಹುಲ್ಲುಬಯಲುಗಳಲ್ಲಿ. ಅಲ್ಲಿ ಹಿಮ ಬೀಳುವ ಮುನ್ನ ಸಾವಿರಾರು ಕಿಲೋಮೀಟರ್ ಹಾರಿ ಬಂದು, ಚಳಿಗಾಲವನ್ನು ಇಲ್ಲಿ ಕಳೆದು, ಮಾರ್ಚ್–ಏಪ್ರಿಲ್ ವೇಳೆಗೆ ಹಿಂದಿರುಗುತ್ತವೆ. ಇಲ್ಲಿರುವಷ್ಟು ಕಾಲ ಮಿಡತೆ, ಇಲಿ, ಓತಿಕ್ಯಾತ, ನೆಲಗುಬ್ಬಿಗಳೇ ಆಹಾರ. ಜೀರ್ಣವಾಗದ ಕೂದಲು, ಮಿಡತೆಯ ಕಾಲು, ಚಿಪ್ಪುಗಳನ್ನು ಉಂಡೆ ಮಾಡಿ ಬಾಯಿಂದ ಉಗುಳುವುದು ಇವುಗಳ ರೂಢಿ. ಗುಜರಾತಿನ ವೇಳಾವದರದಲ್ಲಿ ಇಂಥ ಉಂಡೆಗಳನ್ನು ಬಿಡಿಸಿ ನೋಡಿದಾಗ ಮಿಡತೆಯ ಅವಶೇಷವೇ ಹೇರಳವಾಗಿ ಕಂಡಿತು. ಹಾಗೆಂದು ಗಿಡುಗ ಬಂದರೆ ಕೀಟದ ಚಿಂತೆಯೇ ಇಲ್ಲವೆನ್ನುವುದು ಅತಿಶಯೋಕ್ತಿಯಾದೀತು. ಕೂಲಿ ಕೇಳದ ಆಳು ಎನ್ನಲು ಮಾತ್ರ ಅಡ್ಡಿಯಿಲ್ಲ.

ಸೆಳೆವಗಳು ರಾತ್ರಿ ಮರವೇರುವುದಿಲ್ಲ. ಸಂಜೆ ಸೂರ್ಯ ಮುಳುಗುವಾಗ ಒಂದೊಂದಾಗಿ ಬಂದು, ಮೊಣಕಾಲುದ್ದದ ಹುಲ್ಲಿನೊಳಗೆ ನೆಲದ ಮೇಲೆಯೇ ಗುಂಪಾಗಿ ಮಲಗುತ್ತವೆ. ಈ ತಂಗುದಾಣವೇ ಅವುಗಳ ಜೀವಾಳ. ಅಂಥ ಹುಲ್ಲಿಗೆ ಬೆಂಕಿಯಿಟ್ಟರೆ, ನೀಲಗಿರಿ ನೆಟ್ಟರೆ, ರಾತ್ರಿ ನಾಯಿ ನುಗ್ಗಿದರೆ ಅವು ಜಾಗ ಬಿಡಬೇಕಾಗುತ್ತದೆ. ಕಂದಾಯ ದಾಖಲೆಯಲ್ಲಿ ‘ಬೀಳು’ ಎಂದು ಬರೆದ ಮಾತ್ರಕ್ಕೆ ಆ ನೆಲ ಕೆಲಸಕ್ಕೆ ಬಾರದ್ದಾಗುವುದಿಲ್ಲ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ 798 ಎಕರೆ ಹುಲ್ಲುಗಾವಲನ್ನು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ಜಿಂಕೆಗಾಗಿ ಉಳಿಸಿದ ಹುಲ್ಲು ಗಿಡುಗಗಳಿಗೂ ಒದಗಿತು.

ಚಿತ್ರ ತೆಗೆಯಬಯಸುವವರು ತಂಗುದಾಣಕ್ಕೆ ಹೋಗಕೂಡದು. ಬೆಳಗಿನ ಬೇಟೆಯ ಹೊತ್ತೇ ಮೇಲು. ಸೂರ್ಯನನ್ನು ಬೆನ್ನಿಗೆ ಹಾಕಿಕೊಂಡು, ಬದುವಿನ ಮರೆಯಲ್ಲೋ ನಿಲ್ಲಿಸಿದ ವಾಹನದೊಳಗೋ ಅಲುಗದೆ ಕುಳಿತರೆ ಹಕ್ಕಿ ತಾನಾಗಿಯೇ ಹತ್ತಿರ ಬರುತ್ತದೆ. ಬದುವಿನ ಉದ್ದಕ್ಕೆ ಹಾರುತ್ತ ಬೇಟೆ ಹುಡುಕುವುದು ಅದರ ಅಭ್ಯಾಸ. ಅಟ್ಟಿಸಿಕೊಂಡು ಹೋದರೆ ಸಿಕ್ಕುವುದು ಬಾಲದ ಚಿತ್ರವೇ. 400 ಮಿಲಿಮೀಟರ್ ಮಸೂರ, ಸೆಕೆಂಡಿನ ಸಾವಿರದ ಒಂದಂಶ ಅಥವಾ ಅದಕ್ಕಿಂತ ಚುರುಕಾದ ಶಟರ್ ಇದ್ದರೆ ಹಾರುವ ಹಕ್ಕಿ ಸ್ಪಷ್ಟವಾಗಿ ಮೂಡುತ್ತದೆ. ಕ್ಯಾಮೆರಾ ಇಲ್ಲದವರಿಗೆ ಒಂದು ಸಾಧಾರಣ ದುರ್ಬೀನು ಸಾಕು. ಇಲಿ ಕಟ್ಟಿ ಆಮಿಷ ಒಡ್ಡುವುದು, ಹುಲ್ಲಿನ ಮೇಲೆ ಜೀಪು ಓಡಿಸುವುದು, ಕತ್ತಲಲ್ಲಿ ಬ್ಯಾಟರಿ ಬಿಡುವುದು ಸಲ್ಲದು. ಬೆಳೆಯಿರುವ ಹೊಲಕ್ಕೆ ಕಾಲಿಡುವ ಮುನ್ನ ಹೊಲದವರನ್ನು ಕೇಳಬೇಕೆಂಬುದನ್ನು ಪೇಟೆಯಿಂದ ಬರುವವರಿಗೆ ಬೇರೆಯಾಗಿ ಹೇಳಬೇಕಾಗಿದೆ.

ವಿಷದ ಮಾತು ಇನ್ನೂ ಗಂಭೀರವಾದುದು. ಅಮೆರಿಕದಿಂದ ಅರ್ಜೆಂಟೀನಕ್ಕೆ ವಲಸೆ ಹೋಗುವ ಸ್ವೇನ್ಸನ್ ಗಿಡುಗಗಳಿಗೂ ಮಿಡತೆಯೇ ಆಹಾರ. 1995–96ರಲ್ಲಿ ಅಲ್ಲಿನ ರೈತರು ಮಿಡತೆಗೆ ಮಾನೊಕ್ರೊಟೊಫಾಸ್ ಸಿಂಪಡಿಸಿದ ಹೊಲಗಳಲ್ಲಿ 5,000ಕ್ಕೂ ಹೆಚ್ಚು ಗಿಡುಗಗಳು ಸತ್ತುಬಿದ್ದವು. ಬೆನ್ನಿಗೆ ಕಟ್ಟಿದ ಉಪಗ್ರಹ ಸಾಧನದ ಜಾಡು ಹಿಡಿದು ಹೋದ ವಿಜ್ಞಾನಿಗಳಿಗೆ ಆ ಹೊಲಗಳ ದಾರಿ ತಿಳಿದಿತ್ತು. ನಮ್ಮಲ್ಲೂ ಪರಿಚಿತವಾದ ಈ ಔಷಧಿಯನ್ನು ತರಕಾರಿಗೆ ಬಳಸುವುದನ್ನು ಭಾರತದಲ್ಲಿ 2005ರಲ್ಲಿ ನಿಷೇಧಿಸಲಾಯಿತು. ಕೀಟ ಹಾನಿಯ ಮಟ್ಟ ಮುಟ್ಟಿದಾಗ ಮಾತ್ರ ಸಿಂಪರಣೆ ಮಾಡುವುದು, ವಿಷ ತಿಂದು ಸತ್ತ ಇಲಿಗಳನ್ನು ಹೊಲದಲ್ಲಿ ಬಿಡದೆ ಹೂಳುವುದು ಲೇಸು.

ನಾಗಲಮಡಿಕೆ ಹೋಬಳಿಯಲ್ಲಿ ಸುಮಾರು 13,000 ಎಕರೆ ನೆಲವನ್ನು ರೈತರಿಂದ ಗುತ್ತಿಗೆಗೆ ಪಡೆದು ಸೌರ ವಿದ್ಯುತ್ ಉದ್ಯಾನ ಎದ್ದಿದೆ. 2018ರಲ್ಲಿ ಅದರ ಉದ್ಘಾಟನೆಯಾಯಿತು. ನೆಲದ ಬಳಕೆ ಹೀಗೆ ಮಾರ್ಪಟ್ಟಾಗ ಗಿಡುಗಗಳು ಎಲ್ಲಿ ಉಳಿದವು, ಎಲ್ಲಿ ಹೋದವು ಎಂಬುದು ಲೆಕ್ಕ ಬರೆದಿಟ್ಟಲ್ಲಿ ಮಾತ್ರ ತಿಳಿಯುತ್ತದೆ. ವಿಸ್ತರಣಾ ಕಾರ್ಯಕರ್ತರೂ ಪ್ರೌಢಶಾಲೆಯ ಮಕ್ಕಳೂ ಈ ಕೆಲಸ ಮಾಡಬಹುದು. ನವೆಂಬರಿನಿಂದ ಮಾರ್ಚಿಯವರೆಗೆ ಹದಿನೈದು ದಿನಕ್ಕೊಮ್ಮೆ, ಒಂದೇ ದಾರಿಯಲ್ಲಿ, ಒಂದೇ ಹೊತ್ತಿಗೆ ನಡೆದು ದಿನಾಂಕ, ಸ್ಥಳ, ಗಂಡೆಷ್ಟು, ಕಂದು ಹಕ್ಕಿ ಎಷ್ಟು ಎಂಬುದನ್ನು ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಹಕ್ಕಿ ಕಾಣದ ದಿನದ ಸೊನ್ನೆಯನ್ನೂ ತಪ್ಪದೆ ಬರೆಯಬೇಕು.